ಗಲ್ಲಿ ಅಗಲವಾದರೆ ರೋಗ ಹೋಗುತ್ತದೆಯೇ?

ಬೆಳಗಾವಿಯ ವಡಗಾಂವದಿಂದ ಓದುಗರೊಬ್ಬರು ಬರೆದಿದ್ದಾರೆ: “ಕೊರೊನಾ ಕಾಲದಲ್ಲಿ ನಮ್ಮ ಗಲ್ಲಿಯೊಳಗೆ ಆಂಬುಲೆನ್ಸ್ ಬರಲಿಲ್ಲ. ಮಳೆಗಾಲ ಬಂದರೆ ಡೆಂಗಿ. ಈ ಇಕ್ಕಟ್ಟು ಗಲ್ಲಿಗಳನ್ನು ಕೆಡವಿ ದೊಡ್ಡ ರಸ್ತೆ ಮಾಡದೆ ಈ ಊರಿಗೆ ರೋಗ ತಪ್ಪಿದ್ದಲ್ಲ. ಏನಂತೀರಿ?”

ಸಂಪಾದಕರ ಉತ್ತರ:

ಆಂಬುಲೆನ್ಸ್ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಒಂದು ಗಾಡಿ ಒಳಗೆ ಬರುವಷ್ಟು ದಾರಿ ಬೇಕೇ ಬೇಕು. ಆದರೆ ಗಲ್ಲಿ ಕೆಡವಿದರೆ ರೋಗ ಹೋಗುತ್ತದೆ ಅನ್ನುವುದನ್ನು ನಾನು ಒಪ್ಪಲಾರೆ. ಅದನ್ನು ಒಮ್ಮೆ ಮಾಡಿ ನೋಡಿಯಾಗಿದೆ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಆಗ ಬೆಳಗಾವಿಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. 1898ರಲ್ಲಿ ಮುಂಬೈ ನಗರವನ್ನು ಸುಧಾರಿಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ಹಳೇ ಮನೆಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್‌ನಂಥ ಅಗಲ ರಸ್ತೆ ತೆಗೆದರು. ಸಮುದ್ರದ ಗಾಳಿ ಊರೊಳಗೆ ಬರಲಿ ಅಂತ. ಗಾಳಿಯೇನೋ ಬಂತು. ಮನೆ ಕಳೆದುಕೊಂಡವರು? ದುಡಿಮೆ ಬಿಟ್ಟು ದೂರ ಹೋಗುವಂತಿರಲಿಲ್ಲ. ಹತ್ತಿರದ ಚಾಳುಗಳಿಗೇ ನುಗ್ಗಿದರು, ಮೊದಲೇ ತುಂಬಿದ್ದ ಕೋಣೆ ಇನ್ನಷ್ಟು ತುಂಬಿದವು. ಪ್ಲೇಗ್ ತಂದದ್ದು ಇಲಿಯ ಮೈಮೇಲಿನ ಚಿಗಟ. ಅದಕ್ಕೆ ರಸ್ತೆಯ ಅಗಲ ಕಟ್ಟಿಕೊಂಡು ಏನಾಗಬೇಕು!

ನಿಮ್ಮ ಕಡೆಯ ನೇಕಾರರ ಮನೆಗಳನ್ನೇ ನೋಡಿ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಒಲೆ, ಉಳಿದ ಜಾಗದಲ್ಲಿ ಹಾಸಿಗೆ. ಎರಡೂ ಪಕ್ಕ ಬೇರೆಯವರ ಗೋಡೆ, ಕಿಟಕಿ ಇಡೋಕೆ ಜಾಗವೇ ಇಲ್ಲ. ಕೊರೊನಾ ಆಗಲಿ ಕ್ಷಯ ಆಗಲಿ ಜಾಸ್ತಿ ಹರಡುವುದು ಇಂಥ ಕೋಣೆಯ ಗಾಳಿಯಲ್ಲಿ. ಮಾಡಿಗೊಂದು ಬೆಳಕಿಂಡಿ ತೆಗೆಸಲು ಪಾಲಿಕೆ ಸಹಾಯಧನ ಕೊಟ್ಟರೆ ರಸ್ತೆಗಿಂತ ಅಗ್ಗ ಅಂತ ನನಗನ್ನಿಸುತ್ತದೆ.

ಇನ್ನು ಡೆಂಗಿ. ನಳಕ್ಕೆ ದಿನವೂ ನೀರು ಬರದಿದ್ದರೆ ಜನ ಏನು ಮಾಡಬೇಕು? ಬ್ಯಾರಲ್, ಹಂಡೆ, ಕೊಡ, ಸಿಕ್ಕಿದ್ದಕ್ಕೆಲ್ಲ ತುಂಬಿಡುತ್ತಾರೆ. ಡೆಂಗಿ ಸೊಳ್ಳೆಗೆ ಬೇಕಾದದ್ದು ಈ ನಿಂತ ಶುದ್ಧ ನೀರೇ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ನೀರು ಚೆಲ್ಲಿದರೂ ಮೊಟ್ಟೆ ಬ್ಯಾರಲ್ಲಿನ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿ ಕೂತಿರುತ್ತದೆ. ಮತ್ತೆ ನೀರು ಬಿದ್ದರೆ ಎದ್ದಿತು! ಅದಕ್ಕೇ ಬರೀ ಖಾಲಿ ಮಾಡಿದರೆ ಸಾಲದು, ಬ್ರಷ್ ಹಾಕಿ ತಿಕ್ಕಬೇಕು. ನಳದ ನೀರು ಬಂದ್ ಆದಾಗ ಖಾಲಿ ಪೈಪು ಒಡಕಿನಿಂದ ಗಟಾರದ ಹೊಲಸನ್ನೂ ಎಳೆದುಕೊಳ್ಳುತ್ತದೆ. ಕಾಮಾಲೆ, ವಾಂತಿಭೇದಿ ಬರುವುದು ಹಾಗೆ. ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಮ್ಮ ಬೆಳಗಾವಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೇ ನಡೆದಿತ್ತು. ಕೇಳುವುದಾದರೆ ಅದನ್ನು ಕೇಳಿ.

ಬಯಲು ಜಾಗವೂ ಬೇಕು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ನೋಡಿದ್ದೀರಲ್ವಾ? ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಸಿಡುಬು ಹೋಯಿತು, ಮರಗಳು ಉಳಿದವು. ರೋಗದ ಕಾಲದಲ್ಲಿ ಸಂತೆಯನ್ನು ಹರಡಿ ಕೂರಿಸುವುದಕ್ಕೋ ಲಸಿಕೆ ಶಿಬಿರಕ್ಕೋ ಇಂಥ ಬಯಲು ವಡಗಾಂವಕ್ಕೂ ಬೇಡವೇ?

ಅಂದಹಾಗೆ, ನಿಮ್ಮ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಅಂತ ಪತ್ರದಲ್ಲಿ ಬರೆದಿಲ್ಲ. ಗಲ್ಲಿಯಲ್ಲಿ ಎಷ್ಟು ಬ್ಯಾರಲ್ ಇವೆ ಅಂತಲೂ ಎಣಿಸಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.