ನೀರು ಬದಲಿಸಿದಷ್ಟೂ ಪಾಚಿ ಏಕೆ?

ಪ್ರಶ್ನೆ: ಹಜಾರದ ಕಿಟಕಿಯ ಪಕ್ಕ ಎರಡು ಅಡಿಯ ಅಕ್ವೇರಿಯಂ ಇಟ್ಟು ನಾಲ್ಕು ಗೋಲ್ಡ್ ಫಿಶ್ ಸಾಕಿದ್ದೇವೆ. ವಾರಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ ಬೋರ್‌ವೆಲ್ ನೀರು ತುಂಬಿಸಿದರೂ ಮೂರೇ ದಿನದಲ್ಲಿ ಹಸಿರಾಗುತ್ತದೆ. ಅಂಗಡಿಯವರು ಪಾಚಿನಾಶಕ ಕೊಟ್ಟಿದ್ದಾರೆ, ಹಾಕಬಹುದೇ? ಊರಿನ ಕೆರೆಯೂ ಹಸಿರಾಗಿದೆ, ದನಗಳು ಅದನ್ನೇ ಕುಡಿಯುತ್ತವೆ. ಅಪಾಯವಿದೆಯೇ?
– ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ಸದ್ಯಕ್ಕೆ ಆ ಬಾಟಲಿಯ ಮುಚ್ಚಳ ತೆರೆಯಬೇಡಿ. ಇಂಥ ಔಷಧಿಗಳಲ್ಲಿ ಹಲವಕ್ಕೆ ತಾಮ್ರವೇ ಆಧಾರ. ಶಂಖದ ಹುಳು, ಸೀಗಡಿಗಳಿಗೆ ಅದು ನೇರ ವಿಷ. ಮೀನು ಅದನ್ನು ತಾಳಿಕೊಂಡರೂ, ಒಮ್ಮೆಗೇ ಸತ್ತ ಪಾಚಿ ಕೊಳೆಯುತ್ತ ರಾತ್ರಿಯೊಳಗೆ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ.

ನಿಮ್ಮದು ಗಾಜಿಗೆ ಅಂಟುವ ಪಾಚಿಯಲ್ಲ, ನೀರಿನಲ್ಲೇ ತೇಲುವ ಏಕಕೋಶ ಪಾಚಿ. ಫಿಲ್ಟರಿನ ಸ್ಪಂಜು ಹಿಡಿಯಲಾರದಷ್ಟು ಸಣ್ಣದು. ಜಲ್ಲಿಕಲ್ಲಿನ ಸಂದಿಯಲ್ಲಿ ಉಳಿದ ಚೂರೇ ಸಾಕು, ಮತ್ತೆ ದುಪ್ಪಟ್ಟಾಗುತ್ತ ಹೋಗುತ್ತದೆ. ಬಿಸಿಲು ಕಿಟಕಿಯಿಂದ ಸಿಗುತ್ತಿದೆ, ಪೋಷಕಾಂಶ ಮೀನಿನ ಹಿಕ್ಕೆ ಮತ್ತು ಉಳಿದ ಆಹಾರದಿಂದ. ರಾಜ್ಯದ ಅನೇಕ ಕಡೆ ಅಂತರ್ಜಲದಲ್ಲಿ ನೈಟ್ರೇಟ್, ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿದೆ. ನಿಮ್ಮ ಬೋರ್‌ವೆಲ್ಲಿನದೂ ಹಾಗೆಯೇ ಇದ್ದರೆ, ಪ್ರತಿ ವಾರ ಕೊಡಗಟ್ಟಲೆ ಗೊಬ್ಬರ ಸುರಿದಂತೆಯೇ ಲೆಕ್ಕ. ಒಮ್ಮೆ ಪರೀಕ್ಷೆ ಮಾಡಿಸಿ.

ತೊಟ್ಟಿಯನ್ನು ಕಿಟಕಿಯಿಂದ ದೂರ ಸರಿಸಿ, ನಾಲ್ಕು ದಿನ ದಪ್ಪ ಕಪ್ಪು ಬಟ್ಟೆ ಹೊದಿಸಿ. ದೀಪ ಬೇಡ, ಆಹಾರವೂ ಬೇಡ; ದೊಡ್ಡ ಗೋಲ್ಡ್ ಫಿಶ್ ಅಷ್ಟು ದಿನದ ಉಪವಾಸ ತಡೆಯುತ್ತದೆ. ಗಾಳಿಯ ಪಂಪು ಮಾತ್ರ ಹಗಲೂ ರಾತ್ರಿ ಓಡುತ್ತಿರಲಿ. ಬಟ್ಟೆ ತೆಗೆದ ದಿನ ಮೂರನೇ ಒಂದು ಭಾಗ ನೀರು ಬದಲಿಸಿ, ಆಮೇಲೆ ವಾರಕ್ಕೆ ಕಾಲು ಭಾಗ ಸಾಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ದೀಪ ದಿನಕ್ಕೆ ಆರೇಳು ಗಂಟೆ, ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟು. ಅಂದಹಾಗೆ, ನಾಲ್ಕು ಗೋಲ್ಡ್ ಫಿಶ್‌ಗೆ ಎರಡು ಅಡಿಯ ತೊಟ್ಟಿ ಇಕ್ಕಟ್ಟು. ಮಾರುವವರು ಇದನ್ನು ಹೇಳುವುದು ಅಪರೂಪ.

ಕೆರೆಯಲ್ಲಿಯೂ ನಡೆಯುವುದು ಇದೇ, ಆದರೆ ಅಲ್ಲಿ ಮುಖ್ಯ ಪಾತ್ರ ರಂಜಕದ್ದು. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ತಂಡ ಒಂದು ಸರೋವರವನ್ನು ಪರದೆಯಿಂದ ಇಬ್ಭಾಗಿಸಿತು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿ, ಒಂದು ಕಡೆಗೆ ಮಾತ್ರ ರಂಜಕ ಸೇರಿಸಿತು. ಆ ಭಾಗ ಮಾತ್ರ ಹಸಿರುಗಟ್ಟಿತು. ನಮ್ಮ ಕೆರೆಗಳಿಗೆ ರಂಜಕ ಬರುವುದು ಚರಂಡಿ, ಸೋಪಿನ ಪುಡಿ, ಹೊಲದ ಗೊಬ್ಬರದಿಂದ.

ದನಗಳ ವಿಷಯದಲ್ಲಿ ಉದಾಸೀನ ಬೇಡ. ಕೆರೆಯಲ್ಲಿರುವುದು ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ ಇರಬಹುದು. ಅದರ ಕೆಲವು ಬಗೆಗಳು ಯಕೃತ್ತು, ನರಗಳಿಗೆ ವಿಷಕಾರಿ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದ ಇಂಥ ನೀರು ಕುಡಿದು ಜಾನುವಾರು ಸತ್ತದ್ದು 1878ರಲ್ಲೇ ವರದಿಯಾಗಿದೆ. ಕೈಗವಸು ಹಾಕಿಕೊಂಡು ಗಾಜಿನ ಜಾಡಿಯಲ್ಲಿ ನೀರು ತುಂಬಿ, ಅಲುಗಿಸದೆ ಕೆಲವು ಗಂಟೆ ಇಡಿ. ಹಸಿರು ಮೇಲೆ ಕೆನೆಗಟ್ಟಿದರೆ, ಕೆರೆಯ ಗಾಳಿ ಬಡಿಯುವ ದಂಡೆಯಲ್ಲಿ ಬಣ್ಣ ಚೆಲ್ಲಿದಂಥ ಪದರ ಕಂಡರೆ, ಅದೇ ಎಂದು ಶಂಕಿಸಿ. ಜಾಡಿಯಲ್ಲಿ ಕೆನೆ ಬರಲಿಲ್ಲವೆಂದು ನೀರು ಸುರಕ್ಷಿತ ಎನ್ನುವಂತಿಲ್ಲ. ವಿಷ ಇದೆಯೋ ಇಲ್ಲವೋ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಅಲ್ಲಿಯವರೆಗೆ ದನಗಳಿಗೆ ಬೇರೆ ನೀರು ಕೊಡಿ, ಪಶುವೈದ್ಯರಿಗೂ ತಿಳಿಸಿ. ಆ ನೀರನ್ನು ಕುದಿಸಿ ಕುಡಿಸುವ ಯೋಚನೆ ಬೇಡ, ಕುದಿಸಿದರೆ ಈ ವಿಷ ಹೋಗುವುದಿಲ್ಲ.