ಲೆಕ್ಕಪತ್ರವೂ ಕಂಪ್ಯೂಟರೂ ಸೇರಿದ ಪದವಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ವಾಣಿಜ್ಯ ವಿಭಾಗದಲ್ಲಿ ಹನ್ನೆರಡನೆಯ ತರಗತಿ ಓದುತ್ತಿದ್ದಾಳೆ, ಗಣಿತ ತೆಗೆದುಕೊಂಡಿಲ್ಲ. ಬಿಸಿನೆಸ್ ಇನ್ಫರ್ಮೇಷನ್ ಸಿಸ್ಟಮ್ಸ್ ಓದುವುದಾಗಿ ಹಟ ಹಿಡಿದಿದ್ದಾಳೆ. ಯಜಮಾನರಿಗೆ ಅವಳು ಸಿಎ ಮಾಡಬೇಕೆಂಬ ಆಸೆ. ನನ್ನ ಅಣ್ಣ ಇದನ್ನು ಇಂಜಿನಿಯರಿಂಗ್ ಸೀಟು ಸಿಗದವರ ಕೋರ್ಸು ಎನ್ನುತ್ತಾನೆ. ಇದರಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಈ ಹೆಸರಿನ ಪದವಿ ನಮ್ಮಲ್ಲಿ ಎಲ್ಲಿದೆ?
– ಓರ್ವ ತಾಯಿ, ಡೊಂಬಿವಲಿ

ಉತ್ತರ: ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಈ ಪದವಿ ಇದೇ ಹೆಸರಿನಲ್ಲಿ ದೊರೆಯುತ್ತದೆ. ನಮ್ಮಲ್ಲಿ ಹೆಚ್ಚುಕಡಿಮೆ ಅದೇ ಪಠ್ಯವನ್ನು ಬೇರೆ ಹೆಸರುಗಳಲ್ಲಿ ಹುಡುಕಬೇಕು. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಬಿಬಿಎ (ಕಂಪ್ಯೂಟರ್ ಅಪ್ಲಿಕೇಷನ್) ಮತ್ತು ಪುಣೆಯ ಸಿಂಬಯಾಸಿಸ್‌ನ ಬಿಬಿಎ ಐಟಿ ಇದಕ್ಕೆ ಹತ್ತಿರವಾದವು. ಮುಂಬಯಿಯ ಬಿ.ಎಸ್ಸಿ. ಐಟಿ ತಂತ್ರಜ್ಞಾನದ ಕಡೆಗೆ ಹೆಚ್ಚು ವಾಲುತ್ತದೆ. ಅದಕ್ಕೆ ಹನ್ನೆರಡನೆಯ ತರಗತಿಯ ಗಣಿತವನ್ನು ಕೇಳುತ್ತ ಬಂದಿರುವುದರಿಂದ ನಿಮ್ಮ ಮಗಳಿಗೆ ಆ ದಾರಿ ಕಷ್ಟ.

ಏನು ಕಲಿಸುತ್ತಾರೆಂಬುದಕ್ಕೆ ಮುಂಬಯಿಯ ಕನ್ನಡಿಗರ ಮನೆಗಳಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆಯೊಂದನ್ನು ಕೊಡುತ್ತೇನೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ‘ಎಸ್‌ವೈಎನ್‌ಬಿ’ ಎಂದು ಆರಂಭವಾಗುತ್ತಿದ್ದ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳು 2021ರ ಜುಲೈ 1ರವರೆಗೂ ಪೂರ್ತಿಯಾಗಿ ನಿಲ್ಲಲಿಲ್ಲ. ಅಷ್ಟು ಕಾಲ ಹಿಡಿದದ್ದೇಕೆಂದು ಯೋಚಿಸಿ. ಎರಡೂ ಬ್ಯಾಂಕುಗಳಲ್ಲಿ ಖಾತೆ ಇದ್ದ ಗ್ರಾಹಕರೊಬ್ಬರಿಗೆ ಎರಡು ಗ್ರಾಹಕ ಸಂಖ್ಯೆಗಳಿರುತ್ತವೆ. ಒಂದು ಕಡೆ ಹೆಸರಿನ ಜೊತೆ ಊರಿನ ಹೆಸರು, ಇನ್ನೊಂದು ಕಡೆ ಬರೀ ಇನಿಶಿಯಲ್. ಒಂದರಲ್ಲಿ ಮಾಟುಂಗದ ಹಳೆಯ ವಿಳಾಸ, ಇನ್ನೊಂದರಲ್ಲಿ ಡೊಂಬಿವಲಿಯದು. ಇವರು ಒಬ್ಬರೇ ಎಂದು ಯಾವ ಆಧಾರದ ಮೇಲೆ ನಿರ್ಧರಿಸಬೇಕು, ಪ್ಯಾನ್ ಸಂಖ್ಯೆ ಇಲ್ಲದಿದ್ದರೆ ಏನು ಮಾಡಬೇಕು, ಠೇವಣಿಯ ನಾಮಿನಿಯಾಗಿ ಯಾರ ಹೆಸರನ್ನು ಉಳಿಸಿಕೊಳ್ಳಬೇಕು, ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಸಾಲದ ಕಂತು ಒಂದು ದಿನವೂ ತಪ್ಪದಂತೆ ಹೊಸ ವ್ಯವಸ್ಥೆಗೆ ಹೇಗೆ ಸಾಗಿಸಬೇಕು ಎಂಬ ಪ್ರಶ್ನೆಗಳು ಬರಿಯ ಪ್ರೋಗ್ರಾಮರನಿಂದಲೂ ಬಗೆಹರಿಯವು, ಬರಿಯ ಲೆಕ್ಕಿಗನಿಂದಲೂ ಬಗೆಹರಿಯವು. ಎರಡೂ ಬ್ಯಾಂಕುಗಳು ಫ್ಲೆಕ್ಸ್‌ಕ್ಯೂಬ್ ಎಂಬ ಒಂದೇ ತಂತ್ರಾಂಶವನ್ನು ಬಳಸುತ್ತಿದ್ದುದು ವಿಲೀನಕ್ಕೆ ಅನುಕೂಲವೆಂದು ಎಣಿಸಲಾಗಿತ್ತು. (ಸಿಟಿಬ್ಯಾಂಕಿನ ಕವಲಾಗಿ ಹುಟ್ಟಿ, ಮುಂದೆ ಒರಾಕಲ್ ಕೈಸೇರಿದ ಮುಂಬಯಿಯ ಕಂಪನಿಯೊಂದು ಅದನ್ನು ರೂಪಿಸಿತು.) ಆದರೂ ತಂತ್ರಾಂಶ ಒಂದೇ ಆದ ಮಾತ್ರಕ್ಕೆ ಅದರೊಳಗೆ ಪ್ರತಿ ಬ್ಯಾಂಕು ಬರೆದುಕೊಂಡ ನಿಯಮಗಳು ಒಂದೇ ಆಗಿರುವುದಿಲ್ಲ.

ಈ ಪದವಿಯ ತಿರುಳು ಇಂಥ ಕೆಲಸವೇ. ಒಂದು ಸಂಸ್ಥೆಯಲ್ಲಿ ಕೆಲಸ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಪ್ರತಿ ಹಂತದಲ್ಲಿ ಏನು ದಾಖಲಾಗಬೇಕು, ಆ ದಾಖಲೆಯನ್ನು ಯಾರು ತಿದ್ದಬಹುದು ಎಂಬುದನ್ನು ಮೊದಲು ಕಾಗದದ ಮೇಲೆ ಬಿಡಿಸುವುದನ್ನು ಕಲಿಸುತ್ತಾರೆ. ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ಪದ್ಧತಿಯನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಇಂದಿಗೂ ಡೇಟಾಬೇಸ್ ತರಗತಿ ಅಲ್ಲಿಂದಲೇ ಆರಂಭವಾಗುತ್ತದೆ. ಜೊತೆಗೆ ಹಣಕಾಸು ಲೆಕ್ಕ, ವೆಚ್ಚ ಲೆಕ್ಕ, ಸಂಖ್ಯಾಶಾಸ್ತ್ರ, ಒಂದೆರಡು ಪ್ರೋಗ್ರಾಮಿಂಗ್ ಭಾಷೆಗಳು ಇರುತ್ತವೆ. ಗಣಿತವಿಲ್ಲದೆ ಬಂದವರಿಗೆ ಸಂಖ್ಯಾಶಾಸ್ತ್ರ ಮೊದಲ ವರ್ಷ ತುಸು ಕಾಡಬಹುದು, ದಾಟಲಾರದ್ದೇನಲ್ಲ.

ನಿಮ್ಮ ಅಣ್ಣನವರ ಮಾತು ಅರ್ಧ ನಿಜ. ಬೇರೇನೂ ಸಿಗದೆ ಈ ಕೋರ್ಸಿಗೆ ಬರುವವರು ಇದ್ದಾರೆ, ಹಾಗೆಂದೇ ಭಾವಿಸಿ ಪಾಠ ಮಾಡುವ ಕಾಲೇಜುಗಳೂ ಇವೆ. ಆದ್ದರಿಂದ ಕಾಲೇಜಿನ ಕಟ್ಟಡ ನೋಡುವ ಮೊದಲು ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ಕೇಳಿ ನೋಡಿ. ಸಿಎ ವಿಷಯದಲ್ಲಿ ನಾನು ಮಗಳ ಪಕ್ಷ: ಕಾನೂನು ಮತ್ತು ಲೆಕ್ಕದ ನಿಯಮಗಳಲ್ಲಿ ಆಸಕ್ತಿ ಇಲ್ಲದವರನ್ನು ಅತ್ತ ದೂಡಿದರೆ ವರ್ಷಗಳು ಸುಮ್ಮನೆ ಕಳೆಯುತ್ತವೆ.

ಪ್ರವೇಶದ ಬಗ್ಗೆ ಒಂದು ಎಚ್ಚರ. ಬಿಬಿಎ, ಬಿಸಿಎ, ಬಿಎಂಎಸ್ ಪದವಿಗಳು 2024-25ರಿಂದ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ವ್ಯಾಪ್ತಿಗೆ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಅವುಗಳಿಗೆ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಶುರುವಾಗಿದೆ. ಇಂಗ್ಲಿಷ್, ತರ್ಕ, ಸಾಮಾನ್ಯ ಜ್ಞಾನ, ಕಂಪ್ಯೂಟರಿನ ಪ್ರಾಥಮಿಕ ತಿಳಿವಳಿಕೆಗಳ ಮೇಲೆ ಪ್ರಶ್ನೆಗಳಿರುತ್ತವೆ. ಸಿಂಬಯಾಸಿಸ್‌ನಂಥ ಸ್ವಾಯತ್ತ ವಿಶ್ವವಿದ್ಯಾಲಯಗಳ ಪರೀಕ್ಷೆ ಪ್ರತ್ಯೇಕ. ಕೆಲವು ಕಾಲೇಜುಗಳು ಸಿಇಟಿಯಿಂದ ಹೊರಗುಳಿಯಲು ಪದವಿಯ ಹೆಸರನ್ನೇ ಬಿ.ಕಾಂ. ಎಂದು ಬದಲಿಸಿಕೊಂಡಿವೆ, ಅಂಕಪಟ್ಟಿಯಲ್ಲಿ ಯಾವ ಹೆಸರು ಬರುತ್ತದೆಂದು ಶುಲ್ಕ ಕಟ್ಟುವ ಮೊದಲೇ ಕೇಳಿ.

ಪ್ರಶ್ನೆ: ನಾನು ಬಿಬಿಎ (ಕಂಪ್ಯೂಟರ್ ಅಪ್ಲಿಕೇಷನ್) ಕೊನೆಯ ವರ್ಷದಲ್ಲಿದ್ದೇನೆ. ತರಗತಿಯಲ್ಲಿ ಎಲ್ಲರೂ ‘ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಪ್ರಾಜೆಕ್ಟನ್ನೇ ಮಾಡುತ್ತಿದ್ದಾರೆ. ನಮ್ಮ ಚಿಕ್ಕಪ್ಪನಿಗೆ ಉಡುಪಿ ಹೋಟೆಲು ಇದೆ. ಅದನ್ನು ವಿಷಯವಾಗಿ ಆರಿಸಿಕೊಂಡರೆ ಸಣ್ಣದಾಗುವುದೇ?
– ಓರ್ವ ವಿದ್ಯಾರ್ಥಿ, ಪುಣೆ

ಉತ್ತರ: ಸಣ್ಣದಲ್ಲ, ಆಸ್ಪತ್ರೆಗಿಂತ ಒಳ್ಳೆಯದು, ಏಕೆಂದರೆ ಅಡುಗೆಮನೆಯೊಳಗೆ ಹೋಗಿ ಪ್ರಶ್ನೆ ಕೇಳುವ ಅವಕಾಶ ನಿಮಗಿದೆ. ಆದರೆ ಬಿಲ್ಲಿಂಗ್ ಒಂದನ್ನೇ ಮಾಡಬೇಡಿ, ಅದಕ್ಕೆ ಸಿದ್ಧ ತಂತ್ರಾಂಶಗಳು ಬೇಕಾದಷ್ಟಿವೆ. ಗಲ್ಲಾದಲ್ಲಿ ಇಡ್ಲಿಯ ಲೆಕ್ಕ ಪ್ಲೇಟುಗಳಲ್ಲಿ ಸಿಗುತ್ತದೆ, ಸ್ಟೋರಿನಲ್ಲಿ ಅಕ್ಕಿ ಮತ್ತು ಉದ್ದಿನ ಲೆಕ್ಕ ಕಿಲೋಗಳಲ್ಲಿ. ಇವೆರಡನ್ನೂ ಜೋಡಿಸಬೇಕಾದರೆ ಒಂದು ಅಳತೆ ಹಿಟ್ಟಿನಿಂದ ಎಷ್ಟು ಇಡ್ಲಿ ಬರುತ್ತದೆ, ಅದೇ ಹಿಟ್ಟು ದೋಸೆಗೂ ಹೋಗುತ್ತದೆಯೇ, ಹುಳಿ ಬಂದು ಚೆಲ್ಲಿದ್ದೆಷ್ಟು, ಕೆಲಸದವರ ಊಟಕ್ಕೆ ಹೋದದ್ದೆಷ್ಟು ಎಂಬುದೆಲ್ಲ ದಾಖಲಾಗಬೇಕು. ನಿಮ್ಮ ಪ್ರಾಜೆಕ್ಟಿನ ಬೆಲೆ ಈ ಜೋಡಣೆಯಲ್ಲಿದೆ. ಬಿಡುವಿಲ್ಲದ ಅಡುಗೆಯವರು ಇದನ್ನೆಲ್ಲ ಪರದೆಯ ಮೇಲೆ ಒತ್ತುತ್ತ ಕೂರುವುದಿಲ್ಲವೆಂಬುದನ್ನೂ ವಿನ್ಯಾಸದಲ್ಲಿಯೇ ಗಮನಿಸಬೇಕು. ದಿನಕ್ಕೊಮ್ಮೆ, ರಾತ್ರಿ ಸ್ಟೋರು ಮುಚ್ಚುವಾಗ ಬರೆಯುವಂತಿದ್ದರೆ ಸಾಕಾಗಬಹುದು.

ತೆರಿಗೆಯಲ್ಲಿ ವಿದ್ಯಾರ್ಥಿಗಳು ಎಡವುವುದುಂಟು. 2017ರ ನವೆಂಬರಿನಿಂದ ಇಂಥ ಸಾಮಾನ್ಯ ಹೋಟೆಲುಗಳು ಶೇ. 5 ಜಿಎಸ್‌ಟಿ ವಿಧಿಸುತ್ತವೆ, ಆದರೆ ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಅವು ಹಿಂಪಡೆಯುವಂತಿಲ್ಲ. ಅಂದರೆ ಆ ತೆರಿಗೆ ಸಾಮಗ್ರಿಯ ವೆಚ್ಚಕ್ಕೇ ಸೇರುತ್ತದೆ. ಖರೀದಿಯ ತೆರಿಗೆ ಹಿಂದೆ ಬರುತ್ತದೆಂದು ಎಣಿಸುವ ಪುಸ್ತಕದ ಮಾದರಿಯನ್ನು ನಕಲು ಮಾಡಿದರೆ ನಿಮ್ಮ ಇಡ್ಲಿಯ ಬೆಲೆ ತಪ್ಪಾಗುತ್ತದೆ, ಮತ್ತು ಮೌಖಿಕ ಪರೀಕ್ಷೆಯಲ್ಲಿ ಜಾಣ ಪರೀಕ್ಷಕರು ಅಲ್ಲಿಯೇ ಹಿಡಿಯುತ್ತಾರೆ.

ಪ್ರಶ್ನೆ: ಬಿ.ಕಾಂ. ಮುಗಿಸಿ ಹಡಗು ಸರಕಿನ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ವಿಷಯಕ್ಕಾಗಿ ಮತ್ತೊಂದು ಪದವಿ ಓದಬೇಕೆ?
– ಓರ್ವ ಓದುಗರು, ವಾಸ್ಕೊ

ಉತ್ತರ: ಬೇಡ. ನಿಮಗೆ ಸ್ನಾತಕೋತ್ತರ ಓದು ಸೂಕ್ತ. ಐಟಿ ವಿಷಯವುಳ್ಳ ಎಂಬಿಎಯನ್ನು ದೂರಶಿಕ್ಷಣದಲ್ಲಿ ಮಾಡುವುದಾದರೆ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ನೋಡಿಕೊಳ್ಳಿ. ಸೇರುವ ಮೊದಲೇ ಎಸ್‌ಕ್ಯುಎಲ್ (ಡೇಟಾಬೇಸಿನಿಂದ ಬೇಕಾದ ಮಾಹಿತಿಯನ್ನು ಕೇಳಿ ಪಡೆಯುವ ಭಾಷೆ) ಕಲಿಯಲು ತೊಡಗಿ. ಸರಕು ಹಡಗಿನಿಂದ ಇಳಿದಲ್ಲಿಂದ ಕಸ್ಟಮ್ಸ್ ದಾಟುವವರೆಗೆ ನಿಮ್ಮ ಕಚೇರಿಯಲ್ಲಿ ಒಂದೇ ವಿವರವನ್ನು ಎಷ್ಟು ಕಡೆ ಮತ್ತೆ ಮತ್ತೆ ಬರೆಯುತ್ತಾರೆಂದು ಪಟ್ಟಿ ಮಾಡಿಟ್ಟುಕೊಂಡರೆ, ಪ್ರವೇಶ ಸಂದರ್ಶನದಲ್ಲಿ ಮಾತನಾಡಲು ಅದು ಸಾಕು.