ಮೆದುಳಿನ ಗಡ್ಡೆಯನ್ನು ತೋರಿಸಲು ಎರಡು ಬಣ್ಣಗಳೇಕೆ?

ಪ್ರಶ್ನೆ: ನಮ್ಮ ಚಿಕ್ಕಪ್ಪನವರಿಗೆ ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಯಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಗಡ್ಡೆ ಹೊಳೆಯುವಂತೆ ಮಾಡುವ ದ್ರಾವಣವನ್ನು ಕುಡಿಸುತ್ತೇವೆ ಎಂದು ವೈದ್ಯರು ಹೇಳಿದ್ದಾರೆ. ಅದು ಕ್ಯಾನ್ಸರ್ ಕೋಶಗಳ ಗ್ರಾಹಕಗಳಿಗೆ (ರಿಸೆಪ್ಟರ್, ಅಂದರೆ ಕೋಶದ ಮೇಲಿರುವ, ನಿರ್ದಿಷ್ಟ ವಸ್ತುಗಳನ್ನು ಹಿಡಿದುಕೊಳ್ಳುವ ಪ್ರೋಟೀನು) ಅಂಟಿಕೊಂಡು ಹೊಳೆಯುತ್ತದೆಯೇ? ಗ್ರಾಹಕಗಳನ್ನು ಗುರುತಿಸಲು ಎರಡು ಬಣ್ಣಗಳನ್ನು ಒಟ್ಟಿಗೇ ಚುಚ್ಚುತ್ತಾರೆಂದು ಓದಿದೆ, ಒಂದೇ ಸಾಲದೇ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ನೀವು ಕೇಳಿರುವುದು ಎರಡು ಬೇರೆ ಬೇರೆ ವಿಧಾನಗಳ ಬಗ್ಗೆ. ನಿಮ್ಮ ಚಿಕ್ಕಪ್ಪನವರಿಗೆ ಕುಡಿಸಲಿರುವುದು ಬಹುಶಃ 5-ಅಮೈನೋಲೆವುಲಿನಿಕ್ ಆಮ್ಲ. ಅದು ಯಾವ ಗ್ರಾಹಕಕ್ಕೂ ಅಂಟುವುದಿಲ್ಲ. ದೇಹತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂನಂತೆ, ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು ಕುಡಿಸಿದಾಗ ಗಡ್ಡೆಯ ಕೋಶಗಳು ಅದನ್ನು ಪ್ರೋಟೋಪೋರ್ಫಿರಿನ್ ಎಂಬ ಹೊಳೆಯುವ ವಸ್ತುವಾಗಿ ಮಾರ್ಪಡಿಸಿ ಕೂಡಿಟ್ಟುಕೊಳ್ಳುತ್ತವೆ, ಸೂಕ್ಷ್ಮದರ್ಶಕದ ನೀಲಿ ಬೆಳಕು ಬಿದ್ದಾಗ ಆ ಭಾಗ ಕೆಂಪಾಗಿ ಹೊಳೆಯುತ್ತದೆ. ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಕ್ಯಾನ್‌ನಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದದ್ದು ಈ ದ್ರಾವಣ ಪಡೆದ ಶೇ. 65 ರೋಗಿಗಳಲ್ಲಿ, ಸಾಮಾನ್ಯ ಬೆಳಕಿನಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಅದು ಶೇ. 36 ಮಾತ್ರ.

ಗ್ರಾಹಕಗಳ ಚಿತ್ರಣ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಗ್ಲಿಯೋಬ್ಲಾಸ್ಟೋಮಾಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಕದ ಜೀನ್‌ನ ಪ್ರತಿಗಳು ಅತಿಯಾಗಿ ಹೆಚ್ಚಿರುತ್ತವೆ, ಆದ್ದರಿಂದ ಅದಕ್ಕೆ ಅಂಟುವ ಒಂದು ಪುಟ್ಟ ಪ್ರೋಟೀನಿಗೆ ಅವಕೆಂಪು ಬಣ್ಣವನ್ನು ಜೋಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ತೊಡಕಿರುವುದು ಇಲ್ಲಿಯೇ. ರಕ್ತದಲ್ಲಿರುವ ಪದಾರ್ಥಗಳು ಸುಲಭವಾಗಿ ಮೆದುಳಿಗೆ ಸೇರದಂತೆ ಕಾಯುವ ರಕ್ತ–ಮೆದುಳು ತಡೆ ಗಡ್ಡೆಯಲ್ಲಿ ಒಡೆದಿರುವುದರಿಂದ, ಯಾವ ಬಣ್ಣವಾದರೂ ಸರಿ, ಅಂಟಿದರೂ ಅಂಟದಿದ್ದರೂ ಅಲ್ಲಿ ಸೋರಿ ನಿಲ್ಲುತ್ತದೆ. ಚಿಕ್ಕಪೇಟೆಯ ಗಲ್ಲಿಯಲ್ಲಿ ಕಿಕ್ಕಿರಿದವರೆಲ್ಲ ಸೀರೆ ಕೊಳ್ಳಲು ಬಂದವರಲ್ಲವಷ್ಟೇ. ಹೀಗಾಗಿ ಗಾತ್ರದಲ್ಲಿ ಅದನ್ನೇ ಹೋಲುವ, ಆದರೆ ಯಾವ ಗ್ರಾಹಕಕ್ಕೂ ಅಂಟದ ಇನ್ನೊಂದು ಪದಾರ್ಥವನ್ನು ಬೇರೆ ತರಂಗಾಂತರದ ಬಣ್ಣದೊಂದಿಗೆ ಜೊತೆಯಲ್ಲೇ ಕೊಡುತ್ತಾರೆ. ಎರಡೂ ಒಂದೇ ರೀತಿ ಸೋರುತ್ತವೆ. ಎರಡನೆಯದು ತೊಳೆದುಹೋಗುತ್ತಿರುವಾಗಲೂ ಮೊದಲನೆಯದು ಹೆಚ್ಚಾಗಿ ಉಳಿದುಕೊಂಡರೆ, ಆ ಹೆಚ್ಚುವರಿಯಿಂದ ಲಭ್ಯ ಗ್ರಾಹಕಗಳ ಪ್ರಮಾಣವನ್ನು ಲೆಕ್ಕಹಾಕಬಹುದು. ಎರಡು ತರಂಗಾಂತರಗಳನ್ನೂ ಅಂಗಾಂಶ ಒಂದೇ ಮಟ್ಟದಲ್ಲಿ ಹೀರುವುದಿಲ್ಲವಾದ್ದರಿಂದ ಅದಕ್ಕೂ ತಿದ್ದುಪಡಿ ಮಾಡಬೇಕಾಗುತ್ತದೆ.

ಈ ಉಪಾಯ ಚೆನ್ನಾಗಿದೆ, ಆದರೆ ಸರ್ವರೋಗಕ್ಕೂ ಮದ್ದಲ್ಲ. ಗಡ್ಡೆಯ ಅಂಚಿನಲ್ಲಿ ತಡೆ ಇನ್ನೂ ಗಟ್ಟಿಯಾಗಿದ್ದರೆ ಎರಡೂ ಬಣ್ಣಗಳು ಒಳಹೋಗಲಾರವು. ಗ್ರಾಹಕವೇ ಇಲ್ಲದ ಗಡ್ಡೆಕೋಶಗಳೂ ಇರುತ್ತವೆ. ಈಗ ನಿಮ್ಮ ಮುಂದಿರುವ ಚಿಕಿತ್ಸೆಗೆ ಇದರ ಅಗತ್ಯವಿಲ್ಲ. ದ್ರಾವಣ ಕುಡಿದ ಬಳಿಕ ಒಂದೆರಡು ದಿನ ಚರ್ಮ ಮತ್ತು ಕಣ್ಣು ಬೆಳಕಿಗೆ ಸೂಕ್ಷ್ಮವಾಗಿರುತ್ತವೆ. ಚಿಕ್ಕಪ್ಪನವರ ಕೋಣೆಯ ದೀಪ, ಕಿಟಕಿಗಳ ಬಗ್ಗೆ ದಾದಿಯರನ್ನು ಮೊದಲೇ ಕೇಳಿಕೊಳ್ಳಿ.